ಇಲಿಯ ಕಿವಿಯಲ್ಲಿ ಎಷ್ಟು ತಳಿ: ಲೈಮ್ ಬ್ಯಾಕ್ಟೀರಿಯಾದ ವೈವಿಧ್ಯ ಎಣಿಸುವ ಕ್ರಮ

ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಉಣ್ಣೆಯ ಮಾತು ಬಂದೊಡನೆ ನೆನಪಾಗುವುದು 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ. ಉಣ್ಣೆ ಕಚ್ಚಿಯೇ ಹರಡುವ ಲೈಮ್ ಕಾಯಿಲೆಯ ಬೊರೆಲಿಯಾ ಬ್ಯಾಕ್ಟೀರಿಯಾದ ಸೀಕ್ವೆನ್ಸ್‌ಗಳು (ಡಿಎನ್‌ಎಯ ಅಕ್ಷರಸಾಲುಗಳು) ಬಹುಪಾಲು ಅಮೆರಿಕ ಮತ್ತು ಯುರೋಪಿನವು. ಅವು ಜೆನ್‌ಬ್ಯಾಂಕ್ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಎಲ್ಲರಿಗೂ ಮುಕ್ತವಾಗಿರುವುದರಿಂದ, ಎಂ.ಎಸ್ಸಿ. ವಿದ್ಯಾರ್ಥಿಯೊಬ್ಬರು ಹೆಬ್ಬಾಳದಲ್ಲಿ ಕುಳಿತೇ ಅವುಗಳ ಮೇಲೆ ಒಳ್ಳೆಯ ಪ್ರಾಜೆಕ್ಟ್ ಮಾಡಬಹುದು.

ಮೊದಲು ಪ್ರಭೇದಗಳನ್ನು ಬೇರ್ಪಡಿಸಿ. ಅಮೆರಿಕದ ಬಿಳಿಪಾದದ ಇಲಿಯಲ್ಲಿ ಕಾಣುವುದು ಮುಖ್ಯವಾಗಿ ಬೊರೆಲಿಯಾ ಬರ್ಗ್‌ಡೋರ್ಫೆರಿ. ಯುರೋಪಿನ ಕಾಡಿಲಿಗಳಲ್ಲಿ ಹೆಚ್ಚಾಗಿ ಬೊರೆಲಿಯಾ ಅಫ್ಜೆಲಿಯೈ. ಗ್ಯಾರಿನಿಯೈ ಪ್ರಧಾನವಾಗಿ ಹಕ್ಕಿಗಳದು. ಇವನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ ವೈವಿಧ್ಯ ಲೆಕ್ಕ ಹಾಕಿದರೆ, ಪ್ರಭೇದಗಳ ನಡುವಿನ ಅಂತರವೇ ತಳಿಗಳ ವೈವಿಧ್ಯವೆಂಬಂತೆ ತೋರುತ್ತದೆ.

ತಳಿಗಳನ್ನು ಗುರುತಿಸಲು ಬ್ಯಾಕ್ಟೀರಿಯಾದ ಹೊರಮೈಯ ಪ್ರೋಟೀನೊಂದರ ಜೀನ್ ಆದ ಓಎಸ್‌ಪಿಸಿಯನ್ನು ಹಿಡಿಯಿರಿ. ಇದರ ಸೀಕ್ವೆನ್ಸ್‌ಗಳು ಗುಂಪುಗಳಾಗಿ ಬೀಳುತ್ತವೆ; ಇಲ್ಲಿ ಒಂದೊಂದು ಗುಂಪೂ ಒಂದು ತಳಿ. ಸಾಮಾನ್ಯವಾಗಿ ಒಂದೇ ಗುಂಪಿನೊಳಗಿನ ಸೀಕ್ವೆನ್ಸ್‌ಗಳ ವ್ಯತ್ಯಾಸ 2%ಕ್ಕಿಂತ ಕಡಿಮೆ, ಗುಂಪುಗಳ ನಡುವೆ 8%ಕ್ಕಿಂತ ಹೆಚ್ಚು. ಒಂದು ಓಎಸ್‌ಪಿಸಿ ತಳಿಯ ವಿರುದ್ಧ ಇಲಿಯ ದೇಹ ಬೆಳೆಸಿಕೊಂಡ ಪ್ರತಿರಕ್ಷೆ ಬೇರೆ ತಳಿಯನ್ನು ಅಷ್ಟಾಗಿ ತಡೆಯುವುದಿಲ್ಲ. ಹೀಗಾಗಿ ಒಂದೇ ಇಲಿಯಲ್ಲಿ ಎರಡು ಮೂರು ತಳಿಗಳು ಒಟ್ಟಿಗೆ ನೆಲೆಸಿರುವುದು ಅಪರೂಪವಲ್ಲ.

ಕೆಲಸ ಕೆಡುವುದು ಸಾಮಾನ್ಯವಾಗಿ ಇಲ್ಲಿಯೇ. ಕಿವಿಯ ಚೂರಿನಿಂದ ತೆಗೆದ ಡಿಎನ್‌ಎಯನ್ನು ಸ್ಯಾಂಗರ್ ವಿಧಾನದಲ್ಲಿ ಓದಿದಾಗ ಪರದೆಯ ಮೇಲೆ ಕೆಂಪು ಶಿಖರದ ಅಡಿಯಲ್ಲೇ ಅದರ ಅರ್ಧ ಎತ್ತರದ ಹಸಿರು ಶಿಖರವೊಂದು ಕಾಣಬಹುದು, ಅಂದರೆ ‘ಟಿ’ಯ ಜಾಗದಲ್ಲಿ ‘ಎ’ಯೂ ಇದೆ ಎಂದರ್ಥ. ತಂತ್ರಾಂಶವು ಅಲ್ಲಿ ‘ಡಬ್ಲ್ಯೂ’ (‘ಎ’ ಅಥವಾ ‘ಟಿ’ ಎಂಬುದರ ಗುರುತು) ಎಂದು ಬರೆಯಬಹುದು, ಇಲ್ಲವೇ ದೊಡ್ಡ ಶಿಖರವನ್ನಷ್ಟೇ ಆರಿಸಿಕೊಂಡು ಸುಮ್ಮನಾಗಬಹುದು. ಇಂಥ ಜೋಡಿ ಶಿಖರಗಳು ಸಾಲುಸಾಲಾಗಿ ಬಂದರೆ ಅದನ್ನು ಕೆಟ್ಟ ಸ್ಯಾಂಪಲ್ ಎಂದು ಎಸೆಯಬೇಡಿ (ನಾನು ಎಸೆದು, ಮಾರ್ಗದರ್ಶಕರಿಂದ ಮಾತು ಕೇಳಿದ್ದುಂಟು). ಪಿಸಿಆರ್ ತುಣುಕನ್ನು ಕ್ಲೋನ್ ಮಾಡಿ ಹಲವು ಬ್ಯಾಕ್ಟೀರಿಯಾ ವಸಾಹತುಗಳ (ಕಾಲನಿಗಳ) ಡಿಎನ್‌ಎ ಓದಿಸಿ, ಅಥವಾ ಹೊಸ ತಲೆಮಾರಿನ ಸೀಕ್ವೆನ್ಸಿಂಗ್‌ನ ಕಚ್ಚಾ ರೀಡ್‌ಗಳನ್ನೇ ಇಳಿಸಿಕೊಂಡು ತಳಿಗಳನ್ನು ಬಿಡಿಸಿ. ಜೆನ್‌ಬ್ಯಾಂಕಿನಲ್ಲಿ ಒಂದೇ ಇಲಿಯಿಂದ ಒಂದೇ ಸೀಕ್ವೆನ್ಸ್ ಇದ್ದರೆ, ಅದು ಒಂದೇ ತಳಿಯ ಸೋಂಕು ಎಂದು ಬರೆದುಕೊಳ್ಳುವ ಆತುರ ಬೇಡ.

ಓಎಸ್‌ಪಿಸಿ ಸಿಪಿ26 ಎಂಬ ಪ್ಲಾಸ್ಮಿಡ್‌ನಲ್ಲಿದ್ದು (ಕ್ರೋಮೋಸೋಮ್‌ನಿಂದ ಬೇರೆಯಾಗಿರುವ ಡಿಎನ್‌ಎ ತುಣುಕು), ತಳಿಗಳ ನಡುವೆ ಅದರ ತುಣುಕುಗಳು ವಿನಿಮಯವಾಗುತ್ತವೆ. ವಂಶವೃಕ್ಷಕ್ಕೆ ಅದನ್ನೊಂದನ್ನೇ ನೆಚ್ಚದೆ, ಕ್ರೋಮೋಸೋಮ್‌ನ 8 ಜೀನ್‌ಗಳನ್ನು ಒಟ್ಟಿಗೆ ಹೋಲಿಸಿ ತಳಿ ಗುರುತಿಸುವ ಎಂಎಲ್‌ಎಸ್‌ಟಿ ಪದ್ಧತಿಯನ್ನೂ ಬಳಸಿ.

ಎಣಿಕೆಯ ಕೋಷ್ಟಕದಲ್ಲಿ ಪ್ರತಿ ಸಾಲೂ ಒಂದು ಇಲಿಯಾಗಿರಲಿ, ಒಂದು ಸೀಕ್ವೆನ್ಸ್ ಅಲ್ಲ. ಒಂದೂರಿನಿಂದ 60 ಇಲಿ, ಇನ್ನೊಂದರಿಂದ 15 ಇದ್ದರೆ, 60ರಲ್ಲಿ ಯಾದೃಚ್ಛಿಕವಾಗಿ 15ನ್ನು ಮತ್ತೆ ಮತ್ತೆ ಆರಿಸಿ, ಆ ಸರಾಸರಿ ತಳಿಸಂಖ್ಯೆಯನ್ನಷ್ಟೇ ಹೋಲಿಸಿ.