ಹೆಪ್ಪು ಬಂತು, ಮೆದುಳು ಉಳಿಯಿತೇ?

ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಪಾರ್ಶ್ವವಾಯು (ಸ್ಟ್ರೋಕ್) ಹೊಡೆದವರ ಮೆದುಳಿನ ರಕ್ತನಾಳದಿಂದ ಹೆಪ್ಪು ತೆಗೆಯುವುದು ನನ್ನ ಕೆಲಸ. ಈ ಕೆಲಸ ನಡೆಯುವ ಕೋಣೆಯಾದ ಕ್ಯಾಥ್ ಲ್ಯಾಬ್‌ನಿಂದ ಹೊರಬಂದ ಕೂಡಲೇ ಮನೆಯವರು ಕೇಳುವುದು ಒಂದೇ: "ಬ್ಲಾಕ್ ತೆಗೆದಿರಾ ಡಾಕ್ಟರೇ?" ಹೌದೆಂದರೆ ಕೈ ಮುಗಿಯುತ್ತಾರೆ, ಊರಿಗೆ ಫೋನ್ ಹಚ್ಚುತ್ತಾರೆ. ಕೆಲವರಿಗೆ ಹೆಪ್ಪಿನ ಫೋಟೋ ಬೇಕು. ಮರುದಿನದ ಸಿಟಿ ಸ್ಕ್ಯಾನ್ ಆಗುವವರೆಗೆ ನಾನು ಅದನ್ನು ತೋರಿಸುವುದಿಲ್ಲ. ಫೋಟೋ ನೋಡಿದರೆ ಎಲ್ಲವೂ ಮುಗಿಯಿತೆಂದು ಅವರು ತಿಳಿಯುತ್ತಾರೆ. ನಾಳ ತೆರೆಯುವುದು ಬೇರೆ, ಮೆದುಳು ಉಳಿಯುವುದು ಬೇರೆ.

ಮೆದುಳಿನ ನೂರು ಗ್ರಾಂ ಭಾಗಕ್ಕೆ ನಿಮಿಷಕ್ಕೆ ಸುಮಾರು 50 ಮಿ.ಲೀ. ರಕ್ತ ಹರಿಯಬೇಕು. ಅದು 20ಕ್ಕಿಂತ ಕೆಳಗಿಳಿದರೆ ನರಕೋಶ ಕೆಲಸ ನಿಲ್ಲಿಸುತ್ತದೆ; 10ಕ್ಕಿಂತ ಕೆಳಗಿಳಿದರೆ ಸಾಯುತ್ತದೆ. ಕೈ ಎತ್ತಲಾಗುತ್ತಿಲ್ಲ ಎಂದ ಮಾತ್ರಕ್ಕೆ ಕೈಯನ್ನು ಆಡಿಸುವ ಭಾಗ ಸತ್ತಿದೆ ಎಂದಲ್ಲ, ಅದು ಬರಿದೆ ಸ್ತಬ್ಧವಾಗಿರಬಹುದು. ನಮ್ಮ ಓಟವೆಲ್ಲ ಆ ಸ್ತಬ್ಧ ಭಾಗಕ್ಕಾಗಿ. ದೊಡ್ಡ ನಾಳ ಮುಚ್ಚಿದರೆ ನಿಮಿಷಕ್ಕೆ 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಮಾತನ್ನು ನೀವು ಕೇಳಿರಬಹುದು. ಅದು ಸರಾಸರಿ. ಮಂಚದ ಮೇಲಿರುವ ರೋಗಿ ಸರಾಸರಿಯ ಮನುಷ್ಯನಾಗಿರುವುದಿಲ್ಲ.

ಪುತ್ತೂರು ಕಡೆಯ ಅಡಿಕೆ ಕೃಷಿಕರೊಬ್ಬರು ರಾತ್ರಿ ಹತ್ತಕ್ಕೆ ಮಲಗಿದವರು, ಬೆಳಗ್ಗೆ ನೋಡಿದರೆ ಬಲಗೈ ಬಲಗಾಲು ಬಿದ್ದಿವೆ, ಮಾತಿಲ್ಲ. ನಮ್ಮಲ್ಲಿಗೆ ಮುಟ್ಟುವಾಗ ಹತ್ತೂವರೆ. ಚೆನ್ನಾಗಿದ್ದುದನ್ನು ಕೊನೆಯ ಬಾರಿ ಕಂಡ ಹೊತ್ತಿನಿಂದಲೇ ನಾವು ಲೆಕ್ಕ ಹಾಕಬೇಕು. ಅಂದರೆ ಹನ್ನೆರಡೂವರೆ ಗಂಟೆ. ಹಿಂದೆ ಇಂಥವರನ್ನು ವಾರ್ಡಿಗೆ ಕಳುಹಿಸಿಬಿಡುತ್ತಿದ್ದರು. 2015ರಲ್ಲಿ ಹೊರಬಂದ ಐದು ಅಧ್ಯಯನಗಳು ಹೆಪ್ಪು ತೆಗೆಯುವುದು ಉಪಯುಕ್ತವೆಂದು ಸಾಬೀತುಪಡಿಸಿದಾಗಲೂ ಗಡುವು ಹೆಚ್ಚಾಗಿ ಆರು ಗಂಟೆಯೇ ಇತ್ತು. ಆಯ್ದ ರೋಗಿಗಳಿಗೆ ಅದನ್ನು 24 ಗಂಟೆಯವರೆಗೆ ಹಿಗ್ಗಿಸಿದ್ದು 2018ರಲ್ಲಿ. ಈ ಕೃಷಿಕರ ಪರ್ಫ್ಯೂಷನ್ ಸ್ಕ್ಯಾನ್‌ನಲ್ಲಿ (ಮೆದುಳಿನ ಯಾವ ಭಾಗಕ್ಕೆ ಎಷ್ಟು ರಕ್ತ ಹರಿಯುತ್ತಿದೆ ಎಂದು ತೋರಿಸುವ ಸ್ಕ್ಯಾನ್) ಸತ್ತ ಭಾಗ 15 ಮಿ.ಲೀ. ಆಸುಪಾಸು, ಅಪಾಯದಲ್ಲಿದ್ದ ಭಾಗ ನೂರಕ್ಕೂ ಹೆಚ್ಚು. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಗಾಡಿಗಳು ಚಾರ್ಮಾಡಿಯಲ್ಲಿ ಇಳಿಯುವಂತೆ, ಇವರಲ್ಲಿ ಪಕ್ಕದ ಕವಲು ನಾಳಗಳು ರಾತ್ರಿಯಿಡೀ ಅಷ್ಟಿಷ್ಟು ರಕ್ತ ಹಾಯಿಸಿದ್ದವು.

ತೊಡೆಸಂದಿಯ ಧಮನಿಯಿಂದ ಒಳಹೊಕ್ಕು, ಎಡ ಕುತ್ತಿಗೆಯ ನಾಳದಲ್ಲಿ ದೊಡ್ಡ ಕ್ಯಾಥೆಟರ್ ಕೊಳವೆ ನಿಲ್ಲಿಸಿ, ಅದರೊಳಗಿಂದ ಕೂದಲೆಳೆಯಂಥ ತಂತಿಯನ್ನು ಹೆಪ್ಪು ದಾಟಿಸಿದೆವು. ಹೆಪ್ಪನ್ನು ಹಿಡಿದೆಳೆಯುವ ಜಾಲರಿ, ಅಂದರೆ ಸ್ಟೆಂಟ್ ರಿಟ್ರೀವರ್ ಬಿಚ್ಚಿದ ಮೇಲೆ ಕೆಲವು ನಿಮಿಷ ಏನೂ ಮಾಡುವಂತಿಲ್ಲ, ಅದರ ಜಾಲರಿ ಹೆಪ್ಪಿನೊಳಗೆ ಕಚ್ಚಿಕೊಳ್ಳಬೇಕು. ಎಳೆಯುವಾಗ ಹಿಂದಿನಿಂದ ಹೀರುತ್ತಲೇ ಇರಬೇಕು, ಇಲ್ಲವಾದರೆ ತುಂಡಾಗಿ ಮುಂದಕ್ಕೆ ಹೋಗಿ ಕೂರುತ್ತದೆ. ಮೊದಲ ಎಳೆತಕ್ಕೆ ಬರಲಿಲ್ಲ. ಎರಡನೆಯದರಲ್ಲಿ ಬಂತು. ಬಿಳಿಚಿದ, ಗಟ್ಟಿಯಾದ ಚೂರು. ಗಾಜ್ ಬಟ್ಟೆಯ ಮೇಲೆ ಇಕ್ಕಳದಿಂದ ಒತ್ತಿದರೂ ಹಿಸುಕಲಾಗಲಿಲ್ಲ. ಕೆಂಪು ಹೆಪ್ಪು ಸಲೀಸಾಗಿ ಬರುತ್ತದೆ, ಫೈಬ್ರಿನ್ ಎಂಬ ನಾರಿನಂಥ ಪ್ರೋಟೀನ್ ತುಂಬಿದ ಇಂಥವು ಹಟ ಹಿಡಿಯುತ್ತವೆ.

ಅದೇ ತಿಂಗಳು ನಗರದೊಳಗಿನವರೇ ಒಬ್ಬರು ಕುಸಿದು ಬಿದ್ದ ಒಂದೂವರೆ ಗಂಟೆಯೊಳಗೆ ಬಂದರು. ಹೆಪ್ಪು ಒಂದೇ ಎಳೆತಕ್ಕೆ ಬಂತು, ನಾಳ ಪೂರ್ತಿ ತೆರೆಯಿತು. ಮರುದಿನದ ಸಿಟಿಯಲ್ಲಿ ಮೆದುಳಿನ ಬಲಭಾಗದ ಬಹುಪಾಲು ಕಪ್ಪು, ಅಂದರೆ ಸತ್ತಿತ್ತು. ಕವಲು ನಾಳಗಳು ಅವರಲ್ಲಿ ಬಹಳ ದುರ್ಬಲವಾಗಿದ್ದವು. ಊತ ಏರಿ, ಕೊನೆಗೆ ನರಶಸ್ತ್ರತಜ್ಞರು ತಲೆಬುರುಡೆಯ ತುಂಡೊಂದನ್ನು ತೆಗೆದು ಜೀವ ಉಳಿಸಿದರು. ಗಾಲಿಕುರ್ಚಿಯಲ್ಲಿದ್ದಾರೆ. ಬೇಗ ಬಂದರೂ ಹೀಗೇಕಾಯಿತೆಂದು ಅವರ ಮಗ ಇಂದಿಗೂ ಕೇಳುತ್ತಾರೆ, ನಾನು ಸ್ಕ್ಯಾನ್ ತೆರೆದು ಮತ್ತೆ ವಿವರಿಸುತ್ತೇನೆ.

ಹಾಗಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲೇ ಲೆಕ್ಕ ಹೇಳಿಬಿಡುತ್ತೇನೆ. ಆ ಐದು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಹೆಪ್ಪು ತೆಗೆಸಿಕೊಂಡವರಲ್ಲಿ ಶೇ. 46 ಮಂದಿ ಮೂರು ತಿಂಗಳಲ್ಲಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಾದರು, ತೆಗೆಸಿಕೊಳ್ಳದವರಲ್ಲಿ ಶೇ. 26.5. ವೈದ್ಯಶಾಸ್ತ್ರದಲ್ಲಿ ಇದು ದೊಡ್ಡ ಗೆಲುವು. ಆದರೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇನ್ನೊಬ್ಬರ ಆಸರೆ ಬೇಕಾಗುತ್ತದೆ, ಇಲ್ಲವೇ ಅವರು ತೀರಿಕೊಳ್ಳುತ್ತಾರೆ. ಖರ್ಚು ಲಕ್ಷಗಳಲ್ಲಿ. ಚಿನ್ನ ಅಡವಿಡಲು ಹೊರಟವರಿಗೆ ಎರಡೂ ಸಂಖ್ಯೆ ಗೊತ್ತಿರಬೇಕು.

ಹೆಪ್ಪು ತೆಗೆದ ಮೇಲಿನ ಮೊದಲ 24 ಗಂಟೆ ರಕ್ತದೊತ್ತಡದ ಕಾವಲು. ಏರಿದರೆ ಆಗಲೇ ಪೆಟ್ಟು ತಿಂದ ನಾಳಗಳಿಂದ ರಕ್ತ ಸೋರಬಹುದು, ಮೇಲಿನ ಅಂಕಿ 180 ದಾಟಲು ಬಿಡುವುದಿಲ್ಲ. ಹಾಗೆಂದು ಕಂಡಾಪಟ್ಟೆ ಇಳಿಸುವಂತೆಯೂ ಇಲ್ಲ. 120ಕ್ಕಿಂತ ಕೆಳಗಿಳಿಸಿದವರಿಗೆ ಕೆಡುಕೇ ಹೆಚ್ಚಾಯಿತೆಂದು 2022ರ ಅಧ್ಯಯನವೊಂದು ತೋರಿಸಿತು. ಕೂಡಲೇ ಮಾಡಿದ ಸಿಟಿಯಲ್ಲಿ ಬಿಳಿ ಕಂಡರೆ ಅದು ರಕ್ತವೋ, ನಾಳ ಕಾಣಲೆಂದು ನಾವೇ ಹಾಯಿಸಿದ ಕಾಂಟ್ರಾಸ್ಟ್ ಬಣ್ಣವೋ ಎಂಬ ಗೊಂದಲ ಬೇರೆ. ಕಾಂಟ್ರಾಸ್ಟ್ ಆದರೆ ಸಾಮಾನ್ಯವಾಗಿ ಮರುದಿನದ ಹೊತ್ತಿಗೆ ಮಾಸಿರುತ್ತದೆ.

ಕೃಷಿಕರ ಕೈಕಾಲು ಮರುದಿನವೇ ಅಲ್ಲಾಡಿದವು. ಮಾತಿಲ್ಲ ಎಂದು ಐಸಿಯು ಚೀಟಿಯಲ್ಲಿ ಬರೆದಿತ್ತು. ಕನ್ನಡದಲ್ಲಿ ಕೇಳಿದ್ದರು, ಅವರ ಮನೆಮಾತು ತುಳು. ಹೆಂಡತಿಯನ್ನು ಒಳಗೆ ಕರೆದು ಮಾತನಾಡಿಸಿದಾಗ ತಡವರಿಸುತ್ತಾ ಎರಡು ಮೂರು ಪದ ಹೊರಟವು. ಅಂದಿನಿಂದ ನಮ್ಮ ಘಟಕದಲ್ಲಿ ಮಾತಿನ ಪರೀಕ್ಷೆ ರೋಗಿಯ ಮನೆಮಾತಿನಲ್ಲೇ. ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಯಾವುದಾದರೂ ಸರಿ, ಬಲ್ಲವರೊಬ್ಬರು ಸಿಕ್ಕೇ ಸಿಗುತ್ತಾರೆ. ಮಾತಿನ ತರಬೇತಿಯೂ ಅದೇ ಭಾಷೆಯಲ್ಲಿ ಶುರುವಾಗಬೇಕೆಂಬುದು ನನ್ನ ಪಟ್ಟು.

ಸುಳ್ಯ, ಬೆಳ್ತಂಗಡಿ, ಕಾಸರಗೋಡಿನಿಂದ ಫೋನ್ ಮಾಡುವ ವೈದ್ಯರಲ್ಲಿ ನಾನು ಕೇಳುವುದು ಇಷ್ಟು: ಚೆನ್ನಾಗಿದ್ದುದನ್ನು ಕಂಡದ್ದು ಎಷ್ಟು ಗಂಟೆಗೆ, ಸಕ್ಕರೆ ಎಷ್ಟು, ರಕ್ತ ತೆಳುವಾಗಿಸುವ ಮಾತ್ರೆ ಉಂಟೋ, ನಿನ್ನೆಯವರೆಗೆ ತಾವೇ ನಡೆದಾಡುತ್ತಿದ್ದರೋ. ನಾಲ್ಕೂವರೆ ಗಂಟೆಯೊಳಗಿದ್ದು, ಸಿಟಿಯಲ್ಲಿ ರಕ್ತಸ್ರಾವವಿಲ್ಲದೆ, ಬೇರೆ ಅಡ್ಡಿಯೂ ಇಲ್ಲದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಡಲಿ, ಆದರೆ ಅದು ಕೆಲಸ ಮಾಡುವುದೋ ನೋಡೋಣವೆಂದು ಕಾಯುವುದು ಬೇಡ. ಬಾಯಿಗೆ ನೀರು ಹಾಕದೆ, ಮಲಗಿಸಿಕೊಂಡೇ ಆಂಬುಲೆನ್ಸ್ ಹೊರಡಲಿ. ಸಿಟಿ ಚಿತ್ರಗಳನ್ನು ದಾರಿಯಲ್ಲೇ ನನ್ನ ಮೊಬೈಲಿಗೆ ಕಳುಹಿಸಿದರೆ ಸಾಕು.