ಕಂಪೈಲ್ ಆದ ಟೈಪ್‌ನ ಆಬ್ಜೆಕ್ಟ್‌ಗೆ ಹೊಸ ಆಟ್ರಿಬ್ಯೂಟ್ ಸೇರಿಸುವ ಬಗೆ

ಪೈಥಾನ್‌ನಲ್ಲೇ ಬರೆದ ಕ್ಲಾಸ್‌ನ ಆಬ್ಜೆಕ್ಟ್‌ಗೆ ಸಾಮಾನ್ಯವಾಗಿ ಯಾವಾಗ ಬೇಕಾದರೂ ಹೊಸ ಆಟ್ರಿಬ್ಯೂಟ್ (ಹೆಸರಿಟ್ಟ ಮೌಲ್ಯ) ಸೇರಿಸಬಹುದು. ಅದು ಆಬ್ಜೆಕ್ಟ್‌ನ ‘__ಡಿಕ್ಟ್__’ ಎಂಬ ಡಿಕ್ಷನರಿಯಲ್ಲಿ ಹೋಗಿ ಕೂರುತ್ತದೆ. ಸಿ ಭಾಷೆಯಲ್ಲಿ ಬರೆದ ಟೈಪ್‌ಗೆ, ಅಥವಾ ಪೈಥಾನ್‌ನಂಥ ಕೋಡನ್ನು ಸಿಗೆ ಬದಲಿಸಿ ಕಂಪೈಲ್ ಮಾಡುವ ಸೈಥಾನ್‌ನಲ್ಲಿ ‘ಸಿಡೆಫ್ ಕ್ಲಾಸ್’ ಆಗಿ ಬರೆದ ಟೈಪ್‌ಗೆ, ಈ ಡಿಕ್ಷನರಿ ತಾನಾಗಿ ಬರುವುದಿಲ್ಲ. ಎಕ್ಸ್ ಮತ್ತು ವೈ ಎಂಬ ಎರಡು ಸಂಖ್ಯೆಗಳಿಗೆ ಮಾತ್ರ ಸ್ಟ್ರಕ್ಟ್‌ನಲ್ಲಿ (ಸಿ ಭಾಷೆಯ ದತ್ತಾಂಶ ರಚನೆ) ಜಾಗವಿರುವ ‘ಬಿಂದು’ ಎಂಬ ಟೈಪ್ ಇದೆ ಎನ್ನೋಣ. ಅದರ ‘ಪಿ’ ಎಂಬ ಆಬ್ಜೆಕ್ಟ್‌ಗೆ ‘ಪಿ.ಬಣ್ಣ = "ಕೆಂಪು"’ ಎಂದ ಕೂಡಲೇ ಆಟ್ರಿಬ್ಯೂಟ್‌ಎರರ್ ಎದುರಾಗುತ್ತದೆ.

ಮೂಲ ಕೋಡ್ ನಿಮ್ಮ ಕೈಯಲ್ಲಿಲ್ಲದಿದ್ದರೆ, ಟೈಪ್ ಸಬ್‌ಕ್ಲಾಸ್‌ಗೆ ಅವಕಾಶ ಕೊಡುವುದಾದರೆ, ಪೈಥಾನ್‌ನಲ್ಲಿ ಆ ಟೈಪ್‌ನ ಖಾಲಿ ಸಬ್‌ಕ್ಲಾಸ್ ಬರೆದರೆ ಸಾಕು, ಅದಕ್ಕೆ ಡಿಕ್ಷನರಿ ದೊರೆಯುತ್ತದೆ. ಆದರೆ ಲೈಬ್ರರಿ ತಾನೇ ಸೃಷ್ಟಿಸಿ ಕೊಡುವ ಆಬ್ಜೆಕ್ಟ್‌ಗಳು ಹಳೆಯ ಟೈಪ್‌ನವೇ ಆಗಿರುತ್ತವೆ ಎಂಬುದನ್ನು ಹಲವರು ತಡವಾಗಿ ಗಮನಿಸುತ್ತಾರೆ.

ಸೈಥಾನ್‌ನಲ್ಲಾದರೆ ಕ್ಲಾಸ್‌ನೊಳಗೆ ‘ಸಿಡೆಫ್ ಡಿಕ್ಟ್ __ಡಿಕ್ಟ್__’ ಎಂಬ ಒಂದು ಸಾಲು ಸೇರಿಸಿದರೆ ಕೆಲಸ ಮುಗಿಯಿತು. ಇದರಿಂದ ವೇಗ ಸ್ವಲ್ಪ ಕುಗ್ಗುತ್ತದೆ, ಸಿ ಮತ್ತು ಪೈಥಾನ್ ಎರಡರಿಂದಲೂ ಕರೆಯಬಹುದಾದ ಸಿಪಿಡೆಫ್ ಮೆಥಡ್‌ಗಳಿದ್ದರಂತೂ ಹೆಚ್ಚು. ಸಿ++ ಕೋಡನ್ನು ಪೈಥಾನ್‌ಗೆ ಜೋಡಿಸುವ ಪೈಬೈಂಡ್11 ಬಳಸುವವರು ಕ್ಲಾಸ್ ಘೋಷಿಸುವಾಗ ‘ಪೈ::ಡೈನಮಿಕ್_ಆಟ್ರ್()’ ಎಂದು ಸೂಚಿಸಬೇಕು.

ನೇರವಾಗಿ ಸಿ ಬರೆಯುವಾಗ ಮಾತ್ರ ಹೆಚ್ಚು ಎಚ್ಚರ ಬೇಕು. ಸ್ಟ್ರಕ್ಟ್‌ನ ಕೊನೆಯಲ್ಲಿ ‘ಪೈಆಬ್ಜೆಕ್ಟ್ *ಡಿಕ್ಟ್’ ಎಂಬ ಫೀಲ್ಡ್ ಸೇರಿಸಿ, ‘ಆಫ್‌ಸೆಟ್‌ಆಫ್’ ಮೂಲಕ ಅದರ ಸ್ಥಾನವನ್ನು ಟೈಪ್ ವಿವರಣೆಯ ‘ಟಿಪಿ_ಡಿಕ್ಟ್‌ಆಫ್‌ಸೆಟ್’ನಲ್ಲಿ ಬರೆಯಿರಿ. ಡಿಕ್ಷನರಿಯನ್ನು ನೀವೇ ಸೃಷ್ಟಿಸಬೇಕಿಲ್ಲ. ಆ ಫೀಲ್ಡ್ ನಲ್ ಆಗಿದ್ದರೆ ಮೊದಲ ಆಟ್ರಿಬ್ಯೂಟ್ ಸೇರುವಾಗ ಪೈಥಾನ್ ಅದನ್ನು ತುಂಬುತ್ತದೆ. ಇಷ್ಟಾದರೆ ‘ಪಿ.ಬಣ್ಣ’ ಕೆಲಸ ಮಾಡುತ್ತದೆ, ಆದರೆ ‘ಪಿ.__ಡಿಕ್ಟ್__’ ಎಂದು ಕೇಳಿದರೆ ಇನ್ನೂ ಎರರ್ ಬರುತ್ತದೆ. ಅದಕ್ಕಾಗಿ ಗೆಟ್‌ಸೆಟ್ ಪಟ್ಟಿಯಲ್ಲಿ ಆ ಹೆಸರಿಗೆ ‘ಪೈಆಬ್ಜೆಕ್ಟ್_ಜೆನೆರಿಕ್‌ಗೆಟ್‌ಡಿಕ್ಟ್’ ಮತ್ತು ‘ಪೈಆಬ್ಜೆಕ್ಟ್_ಜೆನೆರಿಕ್‌ಸೆಟ್‌ಡಿಕ್ಟ್’ ಫಂಕ್ಷನ್‌ಗಳನ್ನು ಜೋಡಿಸಬೇಕು. ಟೈಪನ್ನು ‘ಪೈಟೈಪ್_ಫ್ರಂಸ್ಪೆಕ್’ನಿಂದ ಕಟ್ಟುವುದಾದರೆ, ಪೈಥಾನ್ 3.9ರಿಂದ ‘__ಡಿಕ್ಟ್‌ಆಫ್‌ಸೆಟ್__’ ಎಂಬ ಮೆಂಬರ್ ಮೂಲಕ ಸ್ಥಾನವನ್ನು ತಿಳಿಸಬಹುದು.

ಬಹಳಷ್ಟು ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ, ಮೆಮೊರಿ ಸೋರಿಕೆ ಶುರುವಾಗುವುದೂ ಇಲ್ಲಿಂದಲೇ. ಬರೀ ಎರಡು ಸಂಖ್ಯೆಗಳನ್ನು ಹಿಡಿದಿದ್ದ ಟೈಪ್ ಈಗ ಯಾವ ಆಬ್ಜೆಕ್ಟನ್ನಾದರೂ, ತನ್ನನ್ನೇ ಬೇಕಾದರೂ, ಹಿಡಿದುಕೊಳ್ಳಬಲ್ಲದು; ಅಂಥ ಸುತ್ತುಗಳನ್ನು ರೆಫರೆನ್ಸ್ ಎಣಿಕೆಯೊಂದರಿಂದಲೇ ಬಿಡಿಸಲಾಗದು. ಅದು ಜಿಸಿಯ (ಗಾರ್ಬೇಜ್ ಕಲೆಕ್ಟರ್, ಬೇಡವಾದ ಮೆಮೊರಿ ಬಿಡಿಸುವ ವ್ಯವಸ್ಥೆ) ಕೆಲಸ. ಆದ್ದರಿಂದ ‘ಪೈ_ಟಿಪಿಫ್ಲ್ಯಾಗ್ಸ್_ಹ್ಯಾವ್_ಜಿಸಿ’ ಫ್ಲ್ಯಾಗ್ ಹಾಕಿ, ಹಿಡಿದ ಆಬ್ಜೆಕ್ಟ್‌ಗಳನ್ನು ಜಿಸಿಗೆ ತೋರಿಸುವ ಟ್ರಾವರ್ಸ್ ಫಂಕ್ಷನ್‌ನಲ್ಲಿ ಡಿಕ್ಟ್ ಫೀಲ್ಡ್‌ಗೆ ‘ಪೈ_ವಿಸಿಟ್’, ಕ್ಲಿಯರ್ ಫಂಕ್ಷನ್‌ನಲ್ಲಿ ‘ಪೈ_ಕ್ಲಿಯರ್’ ಬರೆಯಬೇಕು. ಆಬ್ಜೆಕ್ಟ್ ಅಳಿಯುವಾಗ ಓಡುವ ಡಿಅಲಾಕ್ ಫಂಕ್ಷನ್‌ನಲ್ಲಿ ಮೊದಲು ‘ಪೈಆಬ್ಜೆಕ್ಟ್_ಜಿಸಿ_ಅನ್‌ಟ್ರ್ಯಾಕ್’ ಕರೆದು, ಆಮೇಲೆ ಡಿಕ್ಷನರಿಯನ್ನು ಬಿಡಬೇಕು.

ಪೈಥಾನ್ 3.12ರಿಂದ ‘ಪೈ_ಟಿಪಿಫ್ಲ್ಯಾಗ್ಸ್_ಮ್ಯಾನೇಜ್ಡ್_ಡಿಕ್ಟ್’ ಎಂಬ ಫ್ಲ್ಯಾಗ್ ಇದ್ದು, ಅದನ್ನು ಬಳಸಿದರೆ ಫೀಲ್ಡ್ ಆಗಲಿ ಆಫ್‌ಸೆಟ್ ಆಗಲಿ ಬೇಡ. ಜಿಸಿಯ ಹೊಣೆ ಮಾತ್ರ ಆಗಲೂ ತಪ್ಪುವುದಿಲ್ಲ.

ಪರೀಕ್ಷೆಗೆ ಸಾಮಾನ್ಯ ಪೈಥಾನ್ ಕ್ಲಾಸ್‌ನ ‘ಕ್ಯೂ’ ಎಂಬ ಆಬ್ಜೆಕ್ಟ್ ತೆಗೆದುಕೊಂಡು, ‘ಪಿ.ಜೊತೆ = ಕ್ಯೂ’, ‘ಕ್ಯೂ.ಮೂಲ = ಪಿ’ ಎಂದು ಸುತ್ತು ಕಟ್ಟಿ, ಕ್ಯೂಗೆ ಒಂದು ವೀಕ್‌ರೆಫ್ (ಎಣಿಕೆಗೆ ಸೇರದ ರೆಫರೆನ್ಸ್) ಇಟ್ಟುಕೊಂಡು, ಎರಡೂ ಹೆಸರುಗಳನ್ನು ಅಳಿಸಿ ‘ಜಿಸಿ.ಕಲೆಕ್ಟ್()’ ಓಡಿಸಿ. ವೀಕ್‌ರೆಫ್ ಕರೆದಾಗ ‘ನನ್’ ಬರಬೇಕು; ಆಬ್ಜೆಕ್ಟ್ ಇನ್ನೂ ಕೈಗೆ ಸಿಕ್ಕರೆ ಮೊದಲು ಟ್ರಾವರ್ಸ್ ಫಂಕ್ಷನ್ ತೆರೆದು ನೋಡಿ.