'ಇವ್ವ' ಅಂದರೆ ಇಲ್ಲ: ಬ್ಲೆಚ್ಲಿ ಹೆಂಗಸರ ಜೊತೆ ನಾಲ್ಕು ಸೋಮವಾರ

2014ರ ಜನವರಿ 6, ಸೋಮವಾರ. ರಾತ್ರಿ ಒಂಬತ್ತಕ್ಕೆ ಬ್ರಿಟನ್ನಿನ ಐಟಿವಿ ಚಾನೆಲ್ಲಿನಲ್ಲಿ 'ದ ಬ್ಲೆಚ್ಲಿ ಸರ್ಕಲ್' ಅನ್ನೋ ಪತ್ತೇದಾರಿ ಧಾರಾವಾಹಿಯ ಎರಡನೇ ಸರಣಿ ಶುರು. ನಮ್ಮ ಮನೆಯಲ್ಲಿ ಅವತ್ತು ಏಳೂವರೆಗೇ ಊಟ ಮುಗಿದಿತ್ತು. ಅನ್ನ, ಹುರುಳಿಕಾಳಿನ ಸಾರು, ಹಪ್ಪಳ. ಪಾತ್ರೆ ತೊಳೆಯೋದು ನಾಳೆಗೆ ಅಂತ ಹೇಳಿ ಟೀವಿ ಮುಂದೆ ಕೂತೆವು.

ನಾನು ಶಿವಮೊಗ್ಗದವಳು. ಮದುವೆಯಾಗಿ ಬಂದು ಸೇರಿದ್ದು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ಗೆ. ಬ್ಲೆಚ್ಲಿ ಈಗ ಈ ಊರಿನದೇ ಒಂದು ಭಾಗ. ಎರಡನೇ ಮಹಾಯುದ್ಧದ ಕಾಲದಲ್ಲಿ ಶತ್ರುಗಳ ಗುಪ್ತಲಿಪಿ ಒಡೆದ ಆ ಬಂಗಲೆ ರೈಲ್ವೆ ಸ್ಟೇಷನ್ನಿಂದ ನಾಲ್ಕು ಹೆಜ್ಜೆ. ಬಂದ ಹೊಸದರಲ್ಲಿ ಎಷ್ಟೋ ಸಲ ಅದರ ಮುಂದೆಯೇ ಹೋಗಿದ್ದೆ. ಯಾರದೋ ಹಳೇ ಜಮೀನ್ದಾರರ ಮನೆ ಅಂದುಕೊಂಡಿದ್ದೆ.

2012ರ ಸೆಪ್ಟೆಂಬರಿನಲ್ಲಿ ಬಂದ ಮೊದಲ ಸರಣಿ ನನ್ನನ್ನು ಹಿಡಿದುಹಾಕಿತ್ತು. ಮೂರೇ ಕಂತು, ಒಂದೇ ಕಥೆ. 1952ರ ಲಂಡನ್. ಸೂಸನ್ ಅನ್ನೋ ಗೃಹಿಣಿ ರೇಡಿಯೊದಲ್ಲಿ ಕೊಲೆಗಳ ಸುದ್ದಿ ಕೇಳುತ್ತಾ ಅದರಲ್ಲೊಂದು ಲೆಕ್ಕ ಕಾಣುತ್ತಾಳೆ. ಪೊಲೀಸರು ಅವಳ ಮಾತು ಕೇಳಿ ಹುಡುಕುತ್ತಾರೆ, ಏನೂ ಸಿಗುವುದಿಲ್ಲ. ಆಗ ಯುದ್ಧದ ಕಾಲದಲ್ಲಿ ಬ್ಲೆಚ್ಲಿಯಲ್ಲಿ ಜೊತೆಗೆ ಕೆಲಸ ಮಾಡಿದ ಗೆಳತಿಯರನ್ನು ಸೇರಿಸುತ್ತಾಳೆ. ಮಿಲ್ಲಿ, ಲೂಸಿ, ಜೀನ್. ಯುದ್ಧದಲ್ಲಿ ಅವಳು ಮಾಡಿದ ಕೆಲಸ ಗಂಡನಿಗೆ ಗೊತ್ತಿಲ್ಲ. ಹೆಂಡತಿಗೆ ಪದಬಂಧದ ಹುಚ್ಚು ಅಂತ ಮಾತ್ರ ಗೊತ್ತು!

ಹೀಗಾಗಿ ಎರಡನೆಯದು ಬರುತ್ತೆ ಅಂದಾಗ ಒಬ್ಬಳೇ ನೋಡೋದು ಬೇಡ ಅನ್ನಿಸಿತು. ಮೂವರನ್ನು ಕರೆದೆ. ಒಬ್ಬಳು ಹುಬ್ಬಳ್ಳಿಯ ಗೆಳತಿ, ನನಗಿಂತ ಚಿಕ್ಕವಳು, ಅಕ್ಕಾ ಅಂತ ಕರೆಯುತ್ತಾಳೆ. ಇನ್ನೊಬ್ಬಳು ನಮ್ಮ ಬೀದಿಯ ಪಂಜಾಬಿ ಟೀಚರು. ಮೂರನೆಯವರು ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ, ಎಪ್ಪತ್ತು ದಾಟಿದವರು. ಅವರ ದೊಡ್ಡಕ್ಕ ಯುದ್ಧದ ಹೊತ್ತಲ್ಲಿ ಬ್ಲೆಚ್ಲಿಯಲ್ಲೇ ಕೆಲಸಕ್ಕಿದ್ದವರು. ಅಲ್ಲಿ ಏನು ಮಾಡುತ್ತಿದ್ದೆ ಅಂತ ಕೇಳಿದರೆ, "ಟೈಪಿಂಗ್" ಅಂತ ಒಂದೇ ಮಾತು ಹೇಳುತ್ತಿದ್ದರಂತೆ. ಬ್ಲೆಚ್ಲಿಯ ವಿಷಯ ಹೊರಗೆ ಬಂದದ್ದೇ 1974ರಲ್ಲಿ. ಅದು ಬಂದ ಮೇಲೂ ಅಕ್ಕ ಬಾಯಿ ಬಿಡಲಿಲ್ಲ ಅಂದರು ಅಜ್ಜಿ.

ನಾನು ಲೆಕ್ಕಪತ್ರದ ಕೆಲಸದವಳು. ಎಲ್ಲವನ್ನೂ ಬರೆದಿಡೋ ಕೆಟ್ಟ ಅಭ್ಯಾಸ. ಒಂದು ಉದ್ದ ನೋಟ್‌ಬುಕ್ಕು ತೆಗೆದು, ಎಡಗಡೆ ಕಥೆಯಲ್ಲಿ ಏನಾಯಿತು, ಬಲಗಡೆ ನಮ್ಮವರು ಏನಂದರು ಅಂತ ಗೆರೆ ಎಳೆದೆ. ಜಾಹೀರಾತು ಬಂದಾಗೆಲ್ಲ ಬರೆಯೋದು. ಈಗ ತೆಗೆದು ನೋಡಿದರೆ ಎಡಗಡೆ ಅರ್ಧ ಖಾಲಿ, ಬಲಗಡೆ ಜಾಗ ಸಾಲದೆ ಅಂಚಿನಲ್ಲೆಲ್ಲ ಗೀಚಿದ್ದೇನೆ.

ಮೊದಲ ರಾತ್ರಿ ಬರೀ ಖುಷಿ. ಜೀನ್ ತೆರೆಗೆ ಬಂದ ಕೂಡಲೇ ಅಜ್ಜಿ ಚಪ್ಪಾಳೆ ಹೊಡೆದರು. ಬ್ಲೆಚ್ಲಿಯಲ್ಲಿ ಇವರ ಮೇಲ್ವಿಚಾರಕಿಯಾಗಿದ್ದು, ಈಗ ಲೈಬ್ರರಿಯಲ್ಲಿರುವವಳು ಜೀನ್. ಪಾತ್ರ ಮಾಡಿದವರು ಜೂಲಿ ಗ್ರಹಾಂ. ನಮ್ಮ ಮನೆಯಲ್ಲಿ ಅವಳದೇ ಅಭಿಮಾನಿ ಬಳಗ. ಹುಬ್ಬಳ್ಳಿಯವಳು, "ನಮ್ಮ ಸಾಲಿ ಹೆಡ್‌ಮಿಸ್ ಥೇಟ್ ಹಿಂಗ ಇದ್ರು" ಅಂದಳು. ಈ ಸಲ ಆಲಿಸ್ ಅನ್ನೋ ಹಳೇ ಸಹೋದ್ಯೋಗಿ ವಿಜ್ಞಾನಿಯೊಬ್ಬನ ಕೊಲೆಯ ಆರೋಪದಲ್ಲಿ ಜೈಲಿನಲ್ಲಿದ್ದಾಳೆ. ನೇಣು ಕಾದಿದೆ. ಅವಳು ತನ್ನ ಪರ ಒಂದು ಮಾತೂ ಆಡುವುದಿಲ್ಲ. ಯಾಕೆ ಅನ್ನೋದನ್ನು ಇಲ್ಲಿ ಹೇಳಲ್ಲ, ನೋಡದವರು ಇರಬಹುದು.

ಎರಡನೇ ಸೋಮವಾರ ಗೊಣಗಾಟ ಶುರುವಾಯಿತು. ಈ ಸಲ ನಾಲ್ಕು ಕಂತಿನಲ್ಲಿ ಎರಡು ಕಥೆ. ಒಂದೊಂದಕ್ಕೆ ಎರಡೇ ವಾರ. "ಇಷ್ಟು ಬೇಗ ಗೊತ್ತಾಯ್ತಾ ಇವರಿಗೆ?" ಅಂದಳು ಟೀಚರು. ಜೊತೆಗೆ ಸೂಸನ್ ಈ ಕಥೆ ಮುಗಿದ ಮೇಲೆ ಇರುವುದಿಲ್ಲ ಅಂತ ಗೊತ್ತಾಯಿತು. ಅಲ್ಲಿಗೆ ಮನೆಯಲ್ಲಿ ಎರಡು ಪಕ್ಷ. ಸೂಸನ್ ಇಲ್ಲದೆ ಇದೇನು ನೋಡೋದು ಅನ್ನೋರು ಇಬ್ಬರು. ಹೋಗಲಿ ಬಿಡಿ, ಉಳಿದವರಿಗೂ ಜಾಗ ಸಿಗಲಿ ಅನ್ನೋರು ಇಬ್ಬರು. ನಾನು ಮೊದಲನೇ ಪಕ್ಷ. ಸೂಸನ್ ಪಾತ್ರದ ಆನಾ ಮ್ಯಾಕ್ಸ್‌ವೆಲ್ ಮಾರ್ಟಿನ್ ಸುಮ್ನೆ ಕಣ್ಣು ಕಿರಿದು ಮಾಡಿ ಕಾಗದ ನೋಡಿದರೂ ಏನೋ ಆಗುತ್ತಿದೆ ಅನ್ನಿಸುತ್ತಿತ್ತು.

ಕೊನೆಯ ಎರಡು ವಾರ ಮಿಲ್ಲಿಯ ಕಥೆ. ಕಾಳಸಂತೆಯ ವ್ಯಾಪಾರ ಮಾಡಲು ಹೋಗಿ, ಹುಡುಗಿಯರನ್ನು ಸಾಗಿಸುವವರ ಕೈಗೆ ಸಿಕ್ಕಿಬೀಳುತ್ತಾಳೆ. ಅಜ್ಜಿಗೆ ಅಪರಾಧಕ್ಕಿಂತ ಕಾಳಸಂತೆಯ ಸಾಮಾನಿನ ಮೇಲೇ ಕಣ್ಣು. ಬ್ರಿಟನ್ನಿನಲ್ಲಿ ಯುದ್ಧ ಮುಗಿದು ಎಷ್ಟೋ ವರ್ಷ ರೇಷನ್ ಇತ್ತು. ಮಿಠಾಯಿಗೆ ಇದ್ದ ಕೂಪನ್ ಹೋದದ್ದು 1953ರ ಫೆಬ್ರುವರಿಯಲ್ಲಿ, ಮಾಂಸದ್ದು 1954ರಲ್ಲಿ. ಮಿಠಾಯಿ ಬಿಟ್ಟ ದಿನ ಶಾಲೆ ಬಿಟ್ಟೊಡನೆ ಓಡಿಹೋಗಿ ಕ್ಯೂ ನಿಂತಿದ್ದನ್ನು ಅಜ್ಜಿ ಹೇಳುತ್ತಾ ಹೋದರು. ಆ ರಾತ್ರಿ ಟೀವಿಯಲ್ಲಿ ಏನಾಯಿತು ಅಂತ ನನ್ನ ನೋಟ್‌ಬುಕ್ಕಿನಲ್ಲಿ ಇಲ್ಲ.

ಆದರೆ ನಾಲ್ಕು ವಾರದ ಬಲಗಡೆಯನ್ನೆಲ್ಲ ಓದಿದಾಗ ಒಂದು ಮಾತು ಮತ್ತೆ ಮತ್ತೆ ಕಣ್ಣಿಗೆ ಬಿತ್ತು. "ಪೆನ್ಸಿಲ್ ಎಲ್ಲಿ?" ಅಂತ. ಮೊದಲ ಸರಣಿಯಲ್ಲಿ ನಮಗೆ ಹಿಡಿಸಿದ್ದು ಹೆಣವೂ ಅಲ್ಲ, ಕೊಲೆಗಾರನೂ ಅಲ್ಲ. ನಾಲ್ವರು ಹೆಂಗಸರು ಕಾಗದ ಹರಡಿಕೊಂಡು ಯೋಚನೆ ಮಾಡುವುದು. ಎರಡನೆಯದರಲ್ಲಿ ಓಡಾಟ ಜಾಸ್ತಿ, ಬೆದರಿಕೆ ಜಾಸ್ತಿ, ಯೋಚನೆ ಕಮ್ಮಿ. ಬೇಜಾರು ಇದ್ದದ್ದು ಅಲ್ಲಿ. ಸೂಸನ್ ಹೋದದ್ದು ಕೂಡ ಅದಕ್ಕೇ ಅಷ್ಟು ಚುಚ್ಚಿದ್ದು ಅಂತ ನನ್ನ ಲೆಕ್ಕ.

ಕೊನೆಯ ಕಂತು ಮುಗಿದ ರಾತ್ರಿ ಹುಬ್ಬಳ್ಳಿಯವಳು ನನ್ನ ಡಬ್ಬಿ ವಾಪಸು ಕೊಟ್ಟಳು. ನಮ್ಮಲ್ಲಿ ಖಾಲಿ ಡಬ್ಬಿ ಕೊಡಬಾರದು ಅಂತಾರಲ್ವಾ? ಅವಳು ಒಳಗೆ ಒಂದು ಚೀಟಿ ಇಟ್ಟಿದ್ದಳು.

ಹೋಣಯಾಲ ಲಾಪ್ಲಿ ಣಮೆರವ್ವಿ ರಾಲೂ ಇವ್ವ

ಕೆಳಗೆ, "ಪೆನ್ಸಿಲ್ ತಗೋ ಅಕ್ಕಾ".

ಅಡುಗೆಮನೆ ಟೇಬಲ್ಲಿನ ಮೇಲೆ ಕೂತೆ. ಯಾವ ಅಕ್ಷರ ಜಾಸ್ತಿ ಬರುತ್ತೆ ಅಂತ ಎಣಿಸಬೇಕು ಅನ್ನೋದು ಗೊತ್ತಿತ್ತು. ಆದರೆ ಐದು ಪದದಲ್ಲಿ ಏನು ಎಣಿಸೋದು? ಅದಕ್ಕೆ ಎಣಿಕೆ ಬಿಟ್ಟು ಪದದ ಮುಖ ನೋಡಿದೆ. ಕೊನೆಯ 'ಇವ್ವ'. ಇ ಆದಮೇಲೆ ಒಂದು ಒತ್ತು, ಅಷ್ಟೇ. ಕನ್ನಡದಲ್ಲಿ ವಾಕ್ಯದ ಕೊನೆಗೆ ಬಂದು ಕೂರುವ ಅಂಥ ಪದ ಯಾವುದು? ಇಲ್ಲ! ಹಾಗಾದರೆ ವ ಅಂದರೆ ಲ. ಕೂಡಲೇ 'ಣಮೆರವ್ವಿ'ಯ ಬಾಲ 'ಲ್ಲಿ' ಆಯಿತು. ಲ್ಲಿಗೆ ಮುಂಚೆ, ಎಕಾರದ ಪಕ್ಕ ಏನು ಬರುತ್ತೆ? ಶಾಲೆಯಲ್ಲಿ, ಊಟದ ಎಲೆಯಲ್ಲಿ. ಹಾಗಾಗಿ ರ ಅಂದರೆ ಯ. 'ರಾಲೂ ಇವ್ವ' ತಾನೇ ಬಾಯಿ ಬಿಟ್ಟಿತು, ಯಾರೂ ಇಲ್ಲ. ಲ ಅಂದರೆ ರ ಅಂತ ಸಿಕ್ಕಿತು. 'ಲಾಪ್ಲಿ' ರಾತ್ರಿ. 'ಹೋಣಯಾಲ'ದ ಕೊನೆ 'ವಾರ' ಇರಬೇಕು. ಓಕಾರದಿಂದ ಶುರುವಾಗೋ ವಾರ ಒಂದೇ, ಸೋಮವಾರ. ಉಳಿದದ್ದು ಮನೆ.

ಸೋಮವಾರ ರಾತ್ರಿ ಮನೆಯಲ್ಲಿ ಯಾರೂ ಇಲ್ಲ.

ಇಪ್ಪತ್ತು ನಿಮಿಷ. ಟೀ ಆರಿ ತಣ್ಣಗಾಗಿತ್ತು. ಅವಳು ಮಾಡಿದ್ದಿಷ್ಟೇ: ವರ್ಗಾಕ್ಷರದಲ್ಲಿ ಒಂದು ಸಾಲು ಕೆಳಗೆ ಇಳಿದಿದ್ದಾಳೆ. ಕ ಇದ್ದಲ್ಲಿ ಚ, ಚ ಇದ್ದಲ್ಲಿ ಟ, ಟ ಇದ್ದಲ್ಲಿ ತ, ತ ಇದ್ದಲ್ಲಿ ಪ. ಕೊನೆಯ ಮ ಮಾತ್ರ, ಯಾರೂ ಬಳಸದ ಙ, ಞ ಬಿಟ್ಟು, ಣ. ಯರಲವ, ಶಷಸಹಗಳಲ್ಲಿ ಒಂದು ಮನೆ ಮುಂದೆ. ಕಾಗುಣಿತ ಮುಟ್ಟಿಲ್ಲ. ಅವಳು ಸೋತದ್ದೇ ಅಲ್ಲಿ. ಕನ್ನಡದಲ್ಲಿ ಗುಣಿತವೂ ಒತ್ತೂ ಹಾಗೇ ಉಳಿದರೆ ಮುಖಕ್ಕೆ ಸೆರಗು ಮುಚ್ಚಿಕೊಂಡು ಬಳೆ ಸದ್ದು ಮಾಡಿದ ಹಾಗೆ.

ಹಾಗಂತ ಹೇಳಿದ್ದೇ ತಪ್ಪಾಯಿತು. ಮುಂದಿನ ಚೀಟಿ ಬಂದಾಗ ಅದರಲ್ಲಿ ಅಕ್ಷರವೇ ಇಲ್ಲ. ಬರೀ ಅಂಕಿ. ಐದೈದರ ಗುಂಪು, ಪದಗಳ ನಡುವೆ ಜಾಗವೂ ಇಲ್ಲ. ಜರ್ಮನ್ ಸೇನೆಯ ಸಂದೇಶಗಳು ಐದೈದು ಅಕ್ಷರದ ಗುಂಪಲ್ಲಿ ಬರುತ್ತಿದ್ದವು, ನೌಕಾಪಡೆಯದು ನಾಲ್ಕು ನಾಲ್ಕು. ಅವಳು ಅದನ್ನೆಲ್ಲ ಓದಿಕೊಂಡು ಬಂದಿದ್ದಳು.

ಮೊದಲ ವಾರ ಪೂರ್ತಿ ದಂಡ. ಒಂದೊಂದು ಅಂಕಿ ಒಂದೊಂದು ಅಕ್ಷರ ಅಂದುಕೊಂಡೆ. ಕ ಒಂದು, ಕಾ ಇನ್ನೊಂದು, ಕಿ ಮತ್ತೊಂದು. ಹಾಗೆ ಹೋದರೆ ನೂರಾರು ಗುರುತು ಬೇಕು. ಆಮೇಲೆ ನೋಡಿದರೆ ಚೀಟಿಯ ಅತಿ ದೊಡ್ಡ ಅಂಕಿ 48. ವರ್ಣಮಾಲೆ 49! ಅಂದರೆ ಸ್ವರ ಬೇರೆ, ವ್ಯಂಜನ ಬೇರೆ ಬಿಡಿಸಿ ಬರೆದಿದ್ದಾಳೆ. 'ಮನೆ' ಅಂದರೆ ಮ್, ಅ, ನ್, ಎ. ಇಷ್ಟು ಮೊದಲ ದಿನವೇ ಹೊಳೆಯಬೇಕಿತ್ತು.

ಅಷ್ಟರಲ್ಲಿ ನಾನೂ ಬ್ಲೆಚ್ಲಿಗೆ ಹೋಗಿ ಬಂದೆ, ಈ ಸಲ ಟಿಕೆಟ್ ತಗೊಂಡು ಒಳಗೆ. 1945ರ ಶುರುವಿನಲ್ಲಿ ಅಲ್ಲಿ ಹತ್ತಿರ ಹತ್ತಿರ 10,000 ಜನ ಇದ್ದರಂತೆ, ನಾಲ್ಕರಲ್ಲಿ ಮೂರು ಪಾಲು ಹೆಂಗಸರು. ದಿನಕ್ಕೆ ಮೂರು ಪಾಳಿ. ಆ ಗುಡಿಸಲುಗಳ ಒಳಗೆ ನಿಂತರೆ ಮೈ ಕೊರೆಯುತ್ತೆ. ಅಲ್ಲಿ ಕೆಲಸ ಮಾಡಿದ ಮೇವಿಸ್ ಲೀವರ್ ಅನ್ನೋ ಹುಡುಗಿಯ ಕಥೆ ನನಗೆ ತುಂಬಾ ಇಷ್ಟ. ಶತ್ರುಗಳು ಸಂದೇಶವನ್ನು ಗುಪ್ತಲಿಪಿಗೆ ಇಳಿಸುತ್ತಿದ್ದ ಎನಿಗ್ಮಾ ಯಂತ್ರಕ್ಕೆ ಒಂದು ದೋಷ ಇತ್ತು. ಯಾವ ಅಕ್ಷರವೂ ಅದೇ ಅಕ್ಷರವಾಗಿ ಹೊರಗೆ ಬರುತ್ತಿರಲಿಲ್ಲ. ಮೇವಿಸ್ ಕೈಗೆ ಬಂದ ಒಂದು ಇಟಾಲಿಯನ್ ಸಂದೇಶದಲ್ಲಿ 'ಎಲ್' ಒಂದೂ ಇಲ್ಲ. ಅವಳಿಗೆ ಹೊಳೆಯಿತು. ಯಾರೋ ಸೋಮಾರಿ ಸೈನಿಕ, ಪರೀಕ್ಷೆಗೆ ಅಂತ ಸುಮ್ನೆ ಏನಾದರೂ ಕಳಿಸು ಅಂದಾಗ, 'ಎಲ್' ಒಂದನ್ನೇ ಒತ್ತುತ್ತಾ ಕೂತಿದ್ದಾನೆ! ಅವಳು ಯಂತ್ರವನ್ನಲ್ಲ, ಒತ್ತಿದ ಮನುಷ್ಯನನ್ನು ಓದಿದಳು.

ಅವರು ಮಾಡುತ್ತಿದ್ದದ್ದು ಹೆಚ್ಚಾಗಿ ಇದೇ. ಹವಾಮಾನದ ವರದಿ ದಿನಾ ಒಂದೇ ಥರ ಶುರುವಾಗುತ್ತೆ. 'ವಿಶೇಷ ಏನೂ ಇಲ್ಲ' ಅಂತ ಒಬ್ಬ ದಿನಾ ಬರೆಯುತ್ತಾನೆ. ಆ ಗೊತ್ತಿರುವ ತುಂಡನ್ನು ಗೊತ್ತಿಲ್ಲದ್ದರ ಮೇಲೆ ಇಟ್ಟು ನೋಡೋದು.

ಸರಿ, ನನ್ನ ಗೆಳತಿ ದಿನಾ ಬಿಡದೆ ಬರೆಯೋದು ಏನು? ಬೆಳಿಗ್ಗೆಯಾಗಲಿ, ರಾತ್ರಿಯಾಗಲಿ, ಅವಳ ಮೆಸೇಜು ಮುಗಿಯೋದು ಊಟದ ವಿಚಾರಣೆಯಲ್ಲೇ. 'ಊಟ ಆಯ್ತಾ' ಅಂತ ಬರೆದುಕೊಂಡೆ. ಊ, ಟ್, ಅ, ಆ, ಯ್, ತ್, ಆ. ಏಳು ದನಿ. ನಾಲ್ಕನೆಯದೂ ಏಳನೆಯದೂ ಒಂದೇ ಅಂಕಿ ಇರಬೇಕು. ಚೀಟಿಯ ಕೊನೆಯ ಏಳು ಅಂಕಿ ಹೀಗಿದ್ದವು: 28, 11, 3, 5, 46, 46, 40. ನಾಲ್ಕನೆಯದು 5, ಏಳನೆಯದು 40. ಹೊಂದಲಿಲ್ಲ. ಆ 46, 46 ಒತ್ತಕ್ಷರ ಅಂತ ಗೊತ್ತಾಗುತ್ತಿತ್ತು. ಲ್ಲ ಇಟ್ಟು ನೋಡಿದೆ, ನ್ನ ಇಟ್ಟು ನೋಡಿದೆ. ಆಗಲಿಲ್ಲ. ಇನ್ನೊಂದು ವಾರ ಹೋಯಿತು. ಮನೆಯವರು ಚೀಟಿಯನ್ನು ಹಾಲಿನ ಬಿಲ್ಲು ಅಂತ ಎತ್ತಿಟ್ಟಿದ್ದರು, ಅದನ್ನು ಹುಡುಕುವುದಕ್ಕೇ ಒಂದು ದಿನ.

ಒಂದು ಸಂಜೆ ಅವಳದು ಫೋನು ಬಂತು. ಎತ್ತಿದ ಕೂಡಲೇ, "ಊಟ ಆತೇನಕ್ಕಾ?"

ನಾನು ಫೋನ್ ಹಿಡಿದುಕೊಂಡೇ ಚೀಟಿ ಕಡೆಗೆ ನಡೆದೆ. ಮೊದಲನೇ ಚೀಟಿಯಲ್ಲಿ ಪುಸ್ತಕದ ಕನ್ನಡ ಬರೆದಿದ್ದಳಲ್ಲ, ಇದರಲ್ಲೂ ಹಾಗೇ ಅಂದುಕೊಂಡಿದ್ದೆ. ನಾನು ಇಷ್ಟು ದಿನ ಹುಡುಕಿದ್ದು ಶಿವಮೊಗ್ಗದ ಊಟವನ್ನು. ಅವಳು ಕೇಳಿದ್ದು ಹುಬ್ಬಳ್ಳಿಯ ಊಟ. ಊ, ಟ್, ಅ, ಆ, ತ್, ಏ, ನ್, ಅ, ಕ್, ಕ್, ಆ. ಹನ್ನೊಂದು ದನಿ. ಕೊನೆಯ ಹನ್ನೊಂದು ಅಂಕಿ: 17, 32, 5, 40, 28, 11, 3, 5, 46, 46, 40. ಮೂರನೆಯದೂ ಎಂಟನೆಯದೂ 5. ನಾಲ್ಕನೆಯದೂ ಹನ್ನೊಂದನೆಯದೂ 40. ಒಂಬತ್ತು, ಹತ್ತು, ಜೋಡಿ 46. ಒಂದೇ ಏಟಿಗೆ ಎಂಟು ದನಿ ಕೈಗೆ ಬಂದವು, ಅದರಲ್ಲಿ ಅ, ಆ, ನ್, ತ್, ಕ್ ಥರ ಹೆಜ್ಜೆಹೆಜ್ಜೆಗೂ ಬೇಕಾದವು. "ಏನಾತಕ್ಕಾ, ಮಾತಾಡವಲ್ಲಿ?" ಅಂತ ಅವಳು ಆ ಕಡೆಯಿಂದ ಕೂಗುತ್ತಿದ್ದಳು. ಉಳಿದ ಚೀಟಿ ಅವತ್ತು ರಾತ್ರಿ ಹನ್ನೊಂದರೊಳಗೆ ಬಿಚ್ಚಿತು. ಅದರಲ್ಲಿ ಇದ್ದದ್ದು ಅವಳ ಅತ್ತೆಯ ಬಗ್ಗೆ. ಇಲ್ಲಿ ಬರೆಯೋ ಹಾಗಿಲ್ಲ.

ಮೂರನೇ ಸರಣಿ ಬರಲಿಲ್ಲ. ಐಟಿವಿ ಬೇಡ ಅಂದಿತು. ಹೇಳಿದಾಗ ಅಜ್ಜಿ ಬೇಜಾರಿನಿಂದ ತಲೆ ಆಡಿಸಿದರು, ಅಷ್ಟೇ. 2018ರಲ್ಲಿ ಮಿಲ್ಲಿಯನ್ನೂ ಜೀನ್‌ಳನ್ನೂ ಸ್ಯಾನ್ ಫ್ರಾನ್ಸಿಸ್ಕೊಗೆ ಕಳಿಸಿ ಎಂಟು ಕಂತು ಮಾಡಿದರು. ಬಿಸಿಲು, ಬಣ್ಣ, ಜಾಝ್ ಎಲ್ಲ ಇತ್ತು. ನನಗೆ ಮಾತ್ರ ಲಂಡನ್ನಿನ ಆ ಮಂಕು ಅಡುಗೆಮನೆಗಳೇ ಬೇಕೆನ್ನಿಸಿತು. ಟೀಚರಿಗೆ ಇದೇ ಎಲ್ಲಕ್ಕಿಂತ ಇಷ್ಟವಾಯಿತಂತೆ. ಅವಳ ಜೊತೆ ಇದರ ಮೇಲೆ ಇನ್ನೂ ಜಗಳ ಇದೆ.

ಹುಬ್ಬಳ್ಳಿಯವಳು ಈಗ ಹುಷಾರಾಗಿದ್ದಾಳೆ. ಚೀಟಿಯಲ್ಲಿ ಊಟ ಕೇಳುವುದನ್ನು ಬಿಟ್ಟಿದ್ದಾಳೆ. ಹೋದ ವಾರ ಬಂದದ್ದು ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಕೊಂಡಿದೆ, ಒಂದು ದನಿಯೂ ಸಿಕ್ಕಿಲ್ಲ. ಸೋಲು ಒಪ್ಪಿಕೊಂಡೆಯಾ ಅಂತ ಅವಳು ಕೇಳಬಾರದಲ್ಲ, ಅದಕ್ಕೆ ಡಬ್ಬಿಯಲ್ಲಿ ಚಕ್ಕುಲಿ ತುಂಬಿ, ಮೇಲೊಂದು ಚೀಟಿ ಇಟ್ಟು ಕಳಿಸಿದ್ದೇನೆ. ಅವಳ ಹಳೇ ಲೆಕ್ಕದಲ್ಲೇ, ನಮ್ಮೂರ ಮಾತಲ್ಲೇ:

ಊತ ಆರ್ಪು.